ಒಣಗುವ ತನಕ ತಡೆಯಿರಿ: ಜಲವರ್ಣ ಕಲಿಯುತ್ತ ಹಿಮ್ಮಾಹಿತಿ ಕಲಿತ ಬಗೆ

ಅಭ್ಯಾಸ ಪಾಠ ಮುಗಿದ ಮೇಲೆ ಪ್ರಶಿಕ್ಷಣಾರ್ಥಿಗೆ ನಾವು ಏನು ಹೇಳುತ್ತೇವೆ, ಯಾವಾಗ ಹೇಳುತ್ತೇವೆ, ಎಷ್ಟು ಹೇಳುತ್ತೇವೆ ಎಂಬುದು ಈ ಲೇಖನದ ವಿಷಯ. ಇದು ಹೊಸ ವಿಷಯವಲ್ಲ. ಪಾಠ ವೀಕ್ಷಣೆಯ ನಮೂನೆ, ಅಂಕ ಹಂಚಿಕೆ, ಹಿಮ್ಮಾಹಿತಿಯ ತತ್ತ್ವಗಳು, ಇವನ್ನೆಲ್ಲ 26 ವರ್ಷಗಳಿಂದ ನಾನೇ ತರಗತಿಯಲ್ಲಿ ಹೇಳಿಕೊಡುತ್ತ ಬಂದಿದ್ದೇನೆ. ಆದರೆ ಹಿಮ್ಮಾಹಿತಿ ಪಡೆಯುವ ಕಡೆ ಕುಳಿತು ಎಷ್ಟೋ ವರ್ಷಗಳಾಗಿದ್ದವು. ಮತ್ತೆ ಆ ಕಡೆ ಕುಳಿತದ್ದು 53ನೆಯ ವಯಸ್ಸಿನಲ್ಲಿ, ಜಲವರ್ಣ ಚಿತ್ರ ಕಲಿಯಲು ಹೋದಾಗ. ಅಲ್ಲಿ ನನಗೆ ಸಿಕ್ಕ ಗುರುಗಳು ಹೇಗೆ ಕಲಿಸಿದರು, ಅದರಿಂದ ನನ್ನ ವೀಕ್ಷಣಾ ಪುಸ್ತಕದಲ್ಲಿ ಏನು ಬದಲಾಯಿತು, ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪು ಯಾವುದು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಕುಂಚ ಕೈಗೆ ಬಂದದ್ದು

2014ರ ಎನ್‌ಸಿಟಿಇ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ ಕೋರ್ಸ್ ಆದಾಗ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಪತ್ರಿಕೆಯೂ ಬಂದಿತು. ನಮ್ಮಲ್ಲಿ ಅದನ್ನು ನಡೆಸಲು ಪೂರ್ಣಾವಧಿ ಕಲಾ ಉಪನ್ಯಾಸಕರಿರಲಿಲ್ಲ. ಧಾರವಾಡದಲ್ಲೇ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದ ಹಿರಿಯರೊಬ್ಬರನ್ನು ವಾರಕ್ಕೆ ಎರಡು ದಿನ ಅತಿಥಿಯಾಗಿ ಕರೆದೆವು. ಎಲ್ಲರೂ ಅವರನ್ನು ಡ್ರಾಯಿಂಗ್ ಸರ್ ಎಂದೇ ಕರೆಯುತ್ತಿದ್ದರು. ನಾನು ವಿಜ್ಞಾನ ಬೋಧನಾ ಪದ್ಧತಿಯ ಉಪನ್ಯಾಸಕಿ. ಆ ಪತ್ರಿಕೆಯ ಸಂಯೋಜಕತ್ವ ನನ್ನ ಪಾಲಿಗೆ ಬಂದಿದ್ದರಿಂದ ಹಾಜರಿ ಹಾಕಿಕೊಳ್ಳಲು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದೆ.

ಎರಡನೆಯ ವಾರ ಅವರು ಒಂದು ಕಾಗದ, ಒಂದು ಕುಂಚ ತಂದು ನನ್ನ ಮುಂದೆ ಇಟ್ಟರು. "ನನಗ ಚಿತ್ರ ಬರೂದಿಲ್ರಿ ಸರ್" ಎಂದೆ. ಯಾರಾದರೂ ಹೀಗೆಂದರೆ ನಾವು ಸಾಮಾನ್ಯವಾಗಿ "ಬರ್ತದ, ಬರ್ತದ" ಎಂದು ಸಮಾಧಾನ ಹೇಳುತ್ತೇವೆ. ಅವರು ಹಾಗೆ ಹೇಳಲಿಲ್ಲ. "ಮೊನ್ನೆ ಪಕ್ಕದ ಕ್ಲಾಸಿನಾಗ ಬೋರ್ಡಿನ ಮ್ಯಾಲೆ ದಾಸವಾಳದ ಉದ್ದ ಸೀಳಿಕೆ ತಗದಿದ್ರಿ. ಪುಸ್ತಕ ನೋಡದ ತಗದ್ರಿ. ಅಂಡಾಶಯದ ಗೆರಿ ಒಮ್ಮೆಗೇ ಹೊಳ್ಳಿ ಬಂದಿತ್ತು. ನಾ ಕಿಟಕಿಯಾಗಿಂದ ನೋಡೇನ್ರಿ. ಕೈ ಐತಿ. ನೀರಿನ ಅಂದಾಜು ಇಲ್ಲ, ಅಷ್ಟ" ಎಂದರು.

ವಿಜ್ಞಾನದ ಚಿತ್ರ ಬಿಡಿಸುವುದನ್ನು ಚಿತ್ರ ಬಿಡಿಸುವುದು ಎಂದು ನಾನು ಎಂದೂ ಎಣಿಸಿರಲಿಲ್ಲ. ಅದು ಪಾಠದ ಭಾಗ, ಅಷ್ಟೆ. ನನಗೇ ತಿಳಿಯದೆ ನನ್ನಲ್ಲಿದ್ದದ್ದನ್ನು ಅವರು ಸಾಕ್ಷಿ ಸಮೇತ ತೋರಿಸಿದರು. ಏನು ಇಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಪ್ರೋತ್ಸಾಹ ಎಂಬ ಪದವನ್ನು ನಾವು ಹೊಗಳಿಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಇವೆರಡರ ನಡುವಿನ ವ್ಯತ್ಯಾಸ ನನಗೆ ಮೊದಲು ಕಂಡದ್ದು ಆ ದಿನ. ಮುಂದಿನ ಭಾನುವಾರದಿಂದ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಗೆ ಅವರೊಡನೆ ಹೋಗತೊಡಗಿದೆ. ನಾನು, ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ಕಾಲೇಜಿಗೆ ಹೋಗುವ ಇಬ್ಬರು ಹುಡುಗರು, ಇಷ್ಟೇ ಜನ.

ನೀರು, ಬಣ್ಣ, ಕಾಗದ

ಮುಂದಿನ ಮಾತು ಅರ್ಥವಾಗಬೇಕಾದರೆ ಜಲವರ್ಣದ ಸ್ವಭಾವ ಸ್ವಲ್ಪ ತಿಳಿದಿರಬೇಕು. ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಗೋಂದಿನಲ್ಲಿ ಕಲಸಿ ಈ ಬಣ್ಣ ಮಾಡುತ್ತಾರೆ. ಅದನ್ನು ನೀರಿನಲ್ಲಿ ಕದಡಿ ಕಾಗದದ ಮೇಲೆ ಹರಿಸಿದಾಗ ನೀರು ಆರುತ್ತದೆ, ಗೋಂದು ಬಣ್ಣದ ಕಣಗಳನ್ನು ಕಾಗದಕ್ಕೆ ಹಿಡಿಸುತ್ತದೆ. ಪದರ ಬಹಳ ತೆಳುವಾಗಿರುವುದರಿಂದ ಬೆಳಕು ಅದರ ಮೂಲಕ ಹಾದು, ಬಿಳಿ ಕಾಗದಕ್ಕೆ ತಾಗಿ, ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಜಲವರ್ಣ ಚಿತ್ರ ಒಳಗಿನಿಂದ ಬೆಳಗಿದಂತೆ ಕಾಣುವುದು ಇದರಿಂದಲೇ.

ಶಾಲೆಯಲ್ಲಿ ನಾವು ಬಳಸುವ ಪೋಸ್ಟರ್ ಬಣ್ಣ ಹಾಗಲ್ಲ. ಅದು ಅಪಾರದರ್ಶಕ. ಕಪ್ಪಿನ ಮೇಲೆ ಬಿಳಿ ಹಚ್ಚಿದರೆ ಕಪ್ಪು ಮುಚ್ಚಿಹೋಗುತ್ತದೆ. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಕೆರೆಯ ನೀರಿನ ಮೇಲೆ ಬಿಸಿಲು ಹೊಳೆಯುವ ಜಾಗವನ್ನು ಮೊದಲೇ ಗುರುತಿಸಿ ಬಣ್ಣ ಹಚ್ಚದೆ ಬಿಡಬೇಕು. ಒಮ್ಮೆ ಅದರ ಮೇಲೆ ಗಾಢ ಬಣ್ಣ ಹರಿದರೆ ಆ ಬಿಳುಪು ಮೊದಲಿನಂತೆ ಮರಳುವುದಿಲ್ಲ. ಆದ್ದರಿಂದ ಕೆಲಸ ತಿಳಿಯಿಂದ ಗಾಢದ ಕಡೆಗೆ, ಪದರ ಪದರವಾಗಿ ಸಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ ಒದ್ದೆಯ ಹಂತಗಳು. ಕಾಗದ ಹೊಳೆಯುವಷ್ಟು ಒದ್ದೆ ಇರುವಾಗ ಎರಡನೆಯ ಬಣ್ಣ ಬಿಟ್ಟರೆ ಅದು ಮೆತ್ತಗೆ ಹರಡುತ್ತದೆ. ಮೋಡ, ಮಂಜು, ದೂರದ ಗುಡ್ಡಕ್ಕೆ ಈ ಹಂತ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಮರದ ಟೊಂಗೆ, ಮನೆಯ ಮೂಲೆಗೆ ಇದು. ಇವೆರಡರ ನಡುವೆ ಒಂದು ಅಪಾಯದ ಹಂತವಿದೆ. ಹೊಳಪು ಹೋಗಿರುತ್ತದೆ, ಆದರೆ ಬೆರಳಿನ ಹಿಂಬದಿಯಿಂದ ಮುಟ್ಟಿದರೆ ತಣ್ಣಗಿರುತ್ತದೆ. ಆಗ ನೀರು ತುಂಬಿದ ಕುಂಚ ತಾಗಿಸಿದರೆ ಹೊಸ ನೀರು ಅರೆಒಣಗಿದ ಕಡೆಗೆ ನುಗ್ಗಿ, ಅಲ್ಲಿ ಕೂರುತ್ತಿದ್ದ ಕಣಗಳನ್ನು ತಳ್ಳಿಕೊಂಡು ಹೋಗಿ ಒಂದು ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಒಣಗಿದಾಗ ಅಲ್ಲಿ ಹೂಕೋಸಿನಂತೆ ಸುರುಳಿ ಸುರುಳಿ ಕಲೆ. ಸರಿಪಡಿಸಲು ಹೋದಷ್ಟೂ ಅದು ದೊಡ್ಡದಾಗುತ್ತದೆ. ಜೊತೆಗೆ, ಒದ್ದೆ ಇರುವಾಗ ಕಾಣುವ ಬಣ್ಣಕ್ಕಿಂತ ಒಣಗಿದ ಬಣ್ಣ ತಿಳಿಯಾಗಿರುತ್ತದೆ. ಹೀಗಾಗಿ ಒದ್ದೆ ಚಿತ್ರ ನೋಡಿ ಸರಿ ತಪ್ಪು ತೀರ್ಮಾನಿಸಲು ಬರುವುದಿಲ್ಲ.

ಈ ಕಾರಣಕ್ಕೆ ಕಾಗದವೂ ಮುಖ್ಯ. ಶಾಲೆಯ ತೆಳು ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಉಬ್ಬುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. 300 ಜಿಎಸ್‌ಎಂ ದಪ್ಪದ ಒರಟು ಕಾಗದ ನೀರನ್ನು ತಾಳಿಕೊಳ್ಳುತ್ತದೆ. ಮೊದಲ ಬಾರಿ ಅದರ ಮೇಲೆ ಕೆಲಸ ಮಾಡಿದಾಗ, ಅಷ್ಟು ದಿನ ನನ್ನ ಕೈಯ ತಪ್ಪು ಎಂದುಕೊಂಡಿದ್ದರಲ್ಲಿ ಅರ್ಧ ಕಾಗದದ ತಪ್ಪು ಎಂದು ಗೊತ್ತಾಯಿತು. ಪ್ರಶಿಕ್ಷಣಾರ್ಥಿಯ ಪಾಠ ನೋಡುವಾಗಲೂ ಯಾವುದು ಅವರ ದೋಷ, ಯಾವುದು 70 ಮಕ್ಕಳನ್ನು ತುಂಬಿದ ಕೋಣೆಯ ದೋಷ ಎಂದು ಬೇರೆ ಮಾಡಿ ನೋಡಬೇಕಲ್ಲವೆ?

ಸರ್ ಕಲಿಸಿದ ರೀತಿ

ಮೊದಲ ತಿಂಗಳು ನಾನು ಹಾಕಿದ ಆಕಾಶಗಳಲ್ಲೆಲ್ಲ ಹೂಕೋಸು. ಕಲೆ ಬಿದ್ದ ಕೂಡಲೇ ನನಗೆ ಅವಮಾನವಾದಂತಾಗಿ, ಯಾರೂ ನೋಡುವ ಮೊದಲು ಉಜ್ಜಿ ಅಳಿಸಲು ಹೋಗುತ್ತಿದ್ದೆ. ಸರ್ ದೂರದಿಂದಲೇ "ಒಣಗಲಿ ಬಿಡ್ರಿ ಮೇಡಂ. ಒಣಗಿದ ಮ್ಯಾಲೆ ನೋಡೂಣು" ಎನ್ನುತ್ತಿದ್ದರು. ಮಳೆಗಾಲದಲ್ಲಿ ಧಾರವಾಡದ ಹವೆಗೆ ಒಂದು ಹಾಳೆ ಒಣಗಲು ಅರ್ಧ ಗಂಟೆಯೂ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಂದು ಚಹಾ ಆಗುತ್ತಿತ್ತು, ನನ್ನ ಮನಸ್ಸೂ ತಣ್ಣಗಾಗುತ್ತಿತ್ತು. ಆಮೇಲೆ ಹಾಳೆಯನ್ನು ಇಬ್ಬರೂ ಒಂದೇ ಕಡೆ ಕುಳಿತು ನೋಡುತ್ತಿದ್ದೆವು.

ಅವರ ಮೊದಲ ಪ್ರಶ್ನೆ ಪ್ರತಿ ಸಲ ಒಂದೇ: "ಇಲ್ಲೆ ಏನಾತು, ಹೇಳ್ರಿ?" ಯಾಕೆ ಹೀಗೆ ಮಾಡಿದಿರಿ ಎಂದು ಕೇಳುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದರೆ ನಾನು ಸಮರ್ಥನೆ ಹುಡುಕುತ್ತಿದ್ದೆ. ಏನಾಯಿತು ಎಂದು ಕೇಳಿದ್ದರಿಂದ ನೋಡಿದ್ದನ್ನು ಹೇಳಬೇಕಾಯಿತು. "ಅರ್ಧ ಒಣಗಿತ್ತು, ನಾ ಮತ್ತ ನೀರು ಹಚ್ಚಿದೆ" ಎಂದು ನಾನೇ ಹೇಳುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತಿತ್ತು.

ಎರಡನೆಯದು, ಅವರು ನನ್ನ ಹಾಳೆಯ ಮೇಲೆ ಎಂದೂ ಕುಂಚ ಇಡಲಿಲ್ಲ. ತೋರಿಸಬೇಕಾದಾಗ ಬೇರೆ ತುಂಡು ಕಾಗದದ ಮೇಲೆ ತೋರಿಸುತ್ತಿದ್ದರು. ಒಮ್ಮೆ ನಾನೇ "ನೀವ ಸ್ವಲ್ಪ ತಿದ್ದಿ ಕೊಡ್ರಿ" ಎಂದು ಕೇಳಿದೆ. "ನಾ ತಿದ್ದಿದ್ರ ಚಿತ್ರ ಚಲೋ ಆಗ್ತೈತಿ, ನೀವು ಹಂಗ ಉಳೀತೀರಿ" ಎಂದರು.

ಮೂರನೆಯದು, ಒಂದು ವಾರಕ್ಕೆ ಒಂದೇ ಸಂಗತಿ. ನನ್ನ ಹಾಳೆಯಲ್ಲಿ ಹತ್ತು ತಪ್ಪು ಇರುತ್ತಿದ್ದವು, ಅವು ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಆದರೂ "ಈ ವಾರ ಬರೇ ಒದ್ದಿ ನೋಡ್ರಿ. ಬಣ್ಣ ಹೆಂಗರ ಬರಲಿ" ಎನ್ನುತ್ತಿದ್ದರು. ಮರುವಾರ ಇನ್ನೊಂದು.

ನಾಲ್ಕನೆಯದು, ಹಾಳೆಗಳ ಹಿಂದೆ ತಾರೀಖು ಬರೆಸಿ ಅವನ್ನು ತಾವೇ ಕಟ್ಟಿಟ್ಟುಕೊಂಡಿದ್ದರು. ನಾಲ್ಕು ತಿಂಗಳ ನಂತರ ನಾನು ಬೇಸತ್ತು "ನನಗಿದು ಆಗೂದಿಲ್ಲ" ಎಂದ ದಿನ ಕಟ್ಟು ಬಿಚ್ಚಿ ಮೊದಲ ಹಾಳೆಯನ್ನೂ ಆ ದಿನದ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟರು. ಬಾಯಿಂದ ಏನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಅವರು ಕಟುವಾದ ಮಾತು ಆಡುತ್ತಲೇ ಇರಲಿಲ್ಲ ಎಂದಲ್ಲ. ಒಮ್ಮೆ ನನ್ನ ಹಾಳೆಯ ಮರ ನೋಡಿ "ಈ ಮರ ನೀವು ನೋಡಿಲ್ಲ. ಸಾಲ್ಯಾಗ ಕಲ್ತ ಮರ ಹಾಕೀರಿ" ಎಂದರು. ನೋವಾಯಿತು, ಆದರೆ ನಿಜವಾಗಿತ್ತು. ತಿಂಗಳುಗಟ್ಟಲೆ ನನ್ನ ಹಾಳೆಗಳನ್ನು ಅಷ್ಟು ಗಮನವಿಟ್ಟು ನೋಡಿದವರ ಮಾತು ಆಗಿದ್ದರಿಂದ ತೆಗೆದುಕೊಳ್ಳುವುದು ಸಾಧ್ಯವಾಯಿತು.

ಚೆಂಡಿನ ಪಾಠ

ಇಷ್ಟೆಲ್ಲ ಭಾನುವಾರ ನಡೆಯುತ್ತಿದ್ದರೂ ಸೋಮವಾರದಿಂದ ಶನಿವಾರದವರೆಗಿನ ನನ್ನ ಕೆಲಸಕ್ಕೆ ಅದರ ಸಂಬಂಧ ನನಗೆ ಹೊಳೆದಿರಲಿಲ್ಲ. ಮುಂದಿನ ವರ್ಷದ ಇಂಟರ್ನ್‌ಶಿಪ್‌ನಲ್ಲಿ 8ನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದ ಒಬ್ಬ ಪ್ರಶಿಕ್ಷಣಾರ್ಥಿಯನ್ನು ವೀಕ್ಷಿಸಲು ಹೋದೆ. ಪಾಠ 'ಘರ್ಷಣೆ'. ಆಕೆ ಒಂದು ರಬ್ಬರ್ ಚೆಂಡು, ಒಂದು ಹಲಗೆ, ಮನೆಯಿಂದ ಒಂದು ಜಮಖಾನೆ, ಒಂದು ಬುಟ್ಟಿ ಮರಳು ತಂದಿದ್ದಳು. ಹಲಗೆಯ ಇಳಿಜಾರಿನಿಂದ ಚೆಂಡು ಬಿಟ್ಟು ಅದು ಸಿಮೆಂಟ್ ನೆಲದ ಮೇಲೆ, ಜಮಖಾನೆಯ ಮೇಲೆ, ಮರಳಿನ ಮೇಲೆ ಎಷ್ಟು ದೂರ ಹೋಗುತ್ತದೆ ಎಂದು ಮಕ್ಕಳಿಂದಲೇ ಅಳತೆ ಮಾಡಿಸಿದಳು. ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಗದ್ದಲವಾಯಿತು. ಮರಳು ಕೋಣೆಯ ತುಂಬ ಹರಡಿತು.

ನಡುವೆ ಒಬ್ಬ ಹುಡುಗ ಕೇಳಿದ: "ಟೀಚರ್, ಜಮಖಾನಿ ಮ್ಯಾಲೆ ಚೆಂಡು ಲಗೂನ ನಿಂತಿತು. ಹಂಗಾರ ಎಣ್ಣಿ ಹಚ್ಚಿದ ನೆಲದ ಮ್ಯಾಲೆ ಬಿಟ್ರ ಅದು ನಿಲ್ಲೂದ ಇಲ್ಲೇನ್ರಿ?" ಆಕೆ ಉತ್ತರ ಹೇಳಲಿಲ್ಲ. "ನಿಮಗ ಏನ ಅನಸ್ತದ?" ಎಂದು ತರಗತಿಗೇ ತಿರುಗಿಸಿದಳು. ವಾದ ಶುರುವಾಯಿತು. ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಉಳಿಯಿತು, ಮನೆಗೆಲಸ ಕೊಡಲಾಗಲಿಲ್ಲ.

ನಾನು ವೆರಾಂಡದಲ್ಲಿ ನಿಂತೇ ವೀಕ್ಷಣಾ ಪುಸ್ತಕ ಬರೆದೆ. ಪಕ್ಕದಲ್ಲಿ ಆಕೆ ನಿಂತಿದ್ದಳು, ಮಕ್ಕಳು ನಮ್ಮನ್ನು ದಾಟಿ ನೀರು ಕುಡಿಯಲು ಓಡುತ್ತಿದ್ದರು. ಸಮಯ ಪಾಲನೆ ಇಲ್ಲ, ತರಗತಿ ನಿಯಂತ್ರಣ ಇಲ್ಲ, ಕಪ್ಪುಹಲಗೆಯ ಬರವಣಿಗೆ ಓರೆಯಾಗಿದೆ, ಪುನರ್ಬಲನ ಸಾಲದು, ಮೌಲ್ಯಮಾಪನ ಮಾಡಿಲ್ಲ, ಹೀಗೆ 17 ಅಂಶಗಳು. ಪಾಠದ ನಡುವೆ ಎರಡು ಸಲ ಹಿಂದಿನಿಂದ ಎದ್ದು ಮಕ್ಕಳನ್ನು ಸುಮ್ಮನಿರಿಸಿಯೂ ಇದ್ದೆ. ಆಕೆ "ಆತ್ರಿ ಮೇಡಂ" ಎಂದು ಸಹಿ ಮಾಡಿದಳು. ಆ 17ರಲ್ಲಿ ಹುಡುಗನ ಪ್ರಶ್ನೆಯ ಉಲ್ಲೇಖ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಅದೇ ಅಧ್ಯಾಯದ ಮುಂದಿನ ಪಾಠ, ಘರ್ಷಣೆಯನ್ನು ಹೆಚ್ಚಿಸುವ ಮತ್ತು ಕಡಿಮೆ ಮಾಡುವ ವಿಧಾನಗಳು. ಚೆಂಡು ಇರಲಿಲ್ಲ. ಅಂದವಾಗಿ ಬರೆದ ಚಾರ್ಟ್ ಇತ್ತು. ಬರವಣಿಗೆ ನೇರವಾಗಿತ್ತು. ಪ್ರಶ್ನೆ, ಉತ್ತರ, ಶಹಬ್ಬಾಸ್, ಮುಂದಿನ ಪ್ರಶ್ನೆ. ಗಂಟೆಗೆ ಎರಡು ನಿಮಿಷ ಮೊದಲೇ ಪಾಠ ಮುಗಿಯಿತು. ಮಕ್ಕಳು ಕೈಕಟ್ಟಿ ಕುಳಿತಿದ್ದರು. ಎಣ್ಣೆಯ ಪ್ರಶ್ನೆ ಕೇಳಿದ ಹುಡುಗ ಕಿಟಕಿಯ ಹೊರಗೆ ನೋಡುತ್ತಿದ್ದ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ ಎಂಬ ಅಂಶ ಚಾರ್ಟಿನಲ್ಲಿ ಮೂರನೆಯ ಸಾಲಿನಲ್ಲಿತ್ತು. ಆಕೆ ಅದನ್ನು ಓದಿ ಮುಂದೆ ಹೋದಳು. ನಾನು 'ಗಮನಾರ್ಹ ಸುಧಾರಣೆ' ಎಂದು ಬರೆದು ಮೊದಲ ಪಾಠಕ್ಕಿಂತ ಹೆಚ್ಚು ಅಂಕ ಕೊಟ್ಟೆ.

ಕೆಸರಾದ ಕೆರೆ

ಆ ಭಾನುವಾರ ಕೆಲಗೇರಿಯಲ್ಲಿ ಹಿಂದಿನ ವಾರದ ಅರ್ಧ ಚಿತ್ರವನ್ನು ಮುಗಿಸಲು ಕುಳಿತೆ. ಅದರಲ್ಲಿ ದಂಡೆ ಸೊಟ್ಟಗಿತ್ತು, ಗುಡ್ಡದ ಬಣ್ಣ ಸಪ್ಪೆಯಾಗಿತ್ತು, ಒಂದು ಮರ ಎತ್ತಲೋ ವಾಲಿತ್ತು. ಒಂದೊಂದಾಗಿ ಎಲ್ಲ ಸರಿ ಮಾಡಿದೆ. ಪದರದ ಮೇಲೆ ಪದರ ಹಚ್ಚಿದೆ. ದಂಡೆ ನೆಟ್ಟಗಾಯಿತು, ಮರ ನಿಂತಿತು, ಗುಡ್ಡ ಗಾಢವಾಯಿತು. ಸರ್ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ನೀರಿನ ನಡುವೆ ಒಂದು ಜಾಗದ ಮೇಲೆ ಬೆರಳು ಹಿಡಿದು, "ಹ್ವಾದ ವಾರ ಇಲ್ಲೆ ಬೆಳಕಿತ್ತು. ಎಲ್ಲಿ ಹೋತ್ರಿ?" ಎಂದರು.

ಹಿಂದಿನ ವಾರ ನೀರಿನ ಮೇಲೆ ಬಿಟ್ಟಿದ್ದ ಬಿಳಿಯ ಪಟ್ಟಿ ಇಲ್ಲವಾಗಿತ್ತು. ತಪ್ಪು ತಿದ್ದುವ ಭರದಲ್ಲಿ ಅದರ ಮೇಲೂ ಬಣ್ಣ ಹರಿಸಿದ್ದೆ. ತಪ್ಪುಗಳ ಪಟ್ಟಿ ನನ್ನ ತಲೆಯಲ್ಲಿತ್ತು. ಉಳಿಸಿಕೊಳ್ಳಬೇಕಾದ್ದರ ಪಟ್ಟಿ ಇರಲಿಲ್ಲ. ಇಡೀ ಹಾಳೆ ಕೆಸರು ಬಣ್ಣವಾಗಿ, ಒಂದೂ ತಪ್ಪಿಲ್ಲದೆ, ಸತ್ತಂತೆ ಬಿದ್ದಿತ್ತು. ಎದುರಿಗೆ ಆ ಹಾಳೆ ಇದ್ದಾಗಲೇ ನನಗೆ ಚೆಂಡಿಲ್ಲದ ಪಾಠ ನೆನಪಾಯಿತು.

ಮಂಗಳವಾರ ಆ ಶಾಲೆಗೆ ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ಖಾಲಿ ಕೋಣೆಯಲ್ಲಿ ಆಕೆಯೊಡನೆ ಕುಳಿತೆ. ಎರಡನೆಯ ಪಾಠದ ಬಗ್ಗೆ ಮಾತಾಡೋಣ ಎಂದೊಡನೆ ಆಕೆಯ ಮುಖ ಬಿಳಿಚಿಕೊಂಡಿತು. "ಮೇಡಂ, ನೀವು ಬರೆದ ಹದಿನೇಳೂ ಸರಿ ಮಾಡೇನ್ರಿ. ಇನ್ನೂ ಏನರ ತಪ್ಪು ಆಗೇತೇನ್ರಿ?" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚೆಂಡು ಯಾಕೆ ತರಲಿಲ್ಲ ಎಂದು ಕೇಳಲು ಹೋದವಳು ತಡೆದುಕೊಂಡು, "ಮೊದಲನೇ ಪಾಠದಾಗ ನಿನಗ ಏನ ನೆನಪೈತಿ?" ಎಂದು ಕೇಳಿದೆ. ಆಕೆ ತಕ್ಷಣ ಹೇಳಿದ್ದು ಎಣ್ಣೆಯ ಪ್ರಶ್ನೆಯನ್ನು. ಆ ರಾತ್ರಿ ತಾನೇ ಅದರ ಬಗ್ಗೆ ಓದಿದ್ದಳು. ಘರ್ಷಣೆಯೇ ಇಲ್ಲದಿದ್ದರೆ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬ ಜಡತ್ವದ ವಿಚಾರಕ್ಕೆ ಆ ಹುಡುಗ ತಾನಾಗಿ ಬಂದಿದ್ದಾನೆ ಎಂಬುದು ಆಕೆಗೆ ತಿಳಿದಿತ್ತು. ಮರುದಿನ ತರಗತಿಯಲ್ಲಿ ಹೇಳಬೇಕು ಎಂದುಕೊಂಡು ಪಾಠ ಯೋಜನೆಯಲ್ಲಿ ಬರೆದೂ ಇದ್ದಳು. ಆಮೇಲೆ ಹೊಡೆದು ಹಾಕಿದ್ದಳು. "ಮತ್ತ ಗದ್ದಲ ಆದೀತು ಅಂತ ಬಿಟ್ಟೆನ್ರಿ" ಎಂದಳು.

ವೀಕ್ಷಣಾ ಪುಸ್ತಕ ತರಿಸಿ, ಮೊದಲ ಪಾಠದ ಪುಟದ ಅಂಚಿನಲ್ಲಿ ಆ ದಿನದ ತಾರೀಖು ಹಾಕಿ, ಹುಡುಗನ ಪ್ರಶ್ನೆಯನ್ನೂ ಆಕೆ ಅದನ್ನು ತರಗತಿಗೆ ತಿರುಗಿಸಿದ್ದನ್ನೂ ಅವಳೆದುರೇ ಬರೆದೆ. ನಾನು ಗಮನಿಸಬೇಕಾದ್ದನ್ನು ಗಮನಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಅಂಕ ಬದಲಿಸಲಿಲ್ಲ. ಎರಡೂ ಪಾಠಗಳ ಅಂಕಗಳು ಇಂದಿಗೂ ದಾಖಲೆಯಲ್ಲಿ ತಲೆಕೆಳಗಾಗಿಯೇ ಇವೆ.

ಆಕೆಯ ಮುಂದಿನ ಅಧ್ಯಾಯ 'ಶಬ್ದ'. ಒಂದು ಸ್ಟೀಲ್ ತಟ್ಟೆ, ಸ್ವಲ್ಪ ನೀರು, ಒಂದು ಚಮಚ, ಕೆಲವು ರಬ್ಬರ್ ಬ್ಯಾಂಡ್ ತಂದಿದ್ದಳು. ತಟ್ಟೆ ಬಾರಿಸಿದಾಗ ನೀರಿನಲ್ಲಿ ಏಳುವ ಅಲೆ ನೋಡಲು ಮಕ್ಕಳು ಮುಗಿಬಿದ್ದರು. ಗದ್ದಲ ಇದ್ದೇ ಇತ್ತು, ಬರವಣಿಗೆ ಮತ್ತೆ ಓರೆಯಾಗಿತ್ತು, ಸಮಯವೂ ಮೀರಿತು. ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ಪಾಠಕ್ಕೆ ಜೀವ ಮರಳಿತ್ತು. ಆ ದಿನ ನಾನು ಬರೆದದ್ದು ಒಂದೇ ಅಂಶ: ಮುಂದಿನ ಸಲ ಮಕ್ಕಳನ್ನು ಆರು ಗುಂಪು ಮಾಡಿ, ತಟ್ಟೆ ಗುಂಪಿಗೊಂದು ಇರಲಿ.

ವೀಕ್ಷಣಾ ಪುಸ್ತಕದಲ್ಲಿ ಆದ ಬದಲಾವಣೆ

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಇದು. ಸಹೋದ್ಯೋಗಿಗಳು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಮೊದಲನೆಯದು, ಒಣಗುವ ಸಮಯ. ಪಾಠ ಮುಗಿದೊಡನೆ ಮಾತಿಲ್ಲ. ಪ್ರಶಿಕ್ಷಣಾರ್ಥಿ ನೀರು ಕುಡಿದು, ಒಂದು ಕಡೆ ಕುಳಿತು, ಪಾಠದಲ್ಲಿ ಏನಾಯಿತು ಎಂದು ಮೂರು ಸಾಲು ಬರೆಯಬೇಕು. ಅದೇ ದಿನ ಶಾಲೆ ಬಿಡುವ ಮೊದಲು, ಮಕ್ಕಳ ಕಣ್ಣಿಗೆ ಬೀಳದ ಜಾಗದಲ್ಲಿ ನಾವಿಬ್ಬರೂ ಕೂರುತ್ತೇವೆ. ಮರುದಿನಕ್ಕೆ ಮುಂದೂಡುವುದಿಲ್ಲ. ತೀರ ಒಣಗಿದ ಮೇಲೆ ನೆನಪೂ ಮಾಸುತ್ತದೆ.

ಎರಡನೆಯದು, ಪುಟವನ್ನು ಎರಡು ಭಾಗ ಮಾಡಿದ್ದೇನೆ. ಎಡಕ್ಕೆ ನಡೆದದ್ದು, ಬಲಕ್ಕೆ ನನ್ನ ಅಭಿಪ್ರಾಯ. 'ತರಗತಿ ನಿಯಂತ್ರಣ ಇಲ್ಲ' ಎಂಬುದು ಅಭಿಪ್ರಾಯ. 'ಚೆಂಡು ಬಿಟ್ಟಾಗ ಹಿಂದಿನ ಮೂರು ಸಾಲಿಗೆ ಕಾಣಲಿಲ್ಲ, ಅವರು ಎದ್ದು ಬಂದರು' ಎಂಬುದು ನಡೆದದ್ದು. ಎಡಭಾಗ ಸರಿಯಾಗಿ ತುಂಬಿದರೆ ಬಲಭಾಗದಲ್ಲಿ ಬರೆಯುವುದು ಬಹಳ ಉಳಿಯುವುದಿಲ್ಲ.

ಮೂರನೆಯದು, ಬಿಳಿ ಉಳಿಸುವುದು. ಈ ಪಾಠದಲ್ಲಿ ಯಾವುದನ್ನು ಮುಂದಿನ ಸಲವೂ ಬಿಡಬಾರದು ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯುತ್ತೇನೆ. 'ಪಾಠ ಚೆನ್ನಾಗಿತ್ತು' ಎಂಬ ಮಾತಿನಿಂದ ಇದು ಆಗುವುದಿಲ್ಲ. ಯಾವ ನಿಮಿಷದಲ್ಲಿ, ಯಾವ ಮಗುವಿನ ಜೊತೆ, ಏನು ಎಂದು ಹೇಳಬೇಕು.

ನಾಲ್ಕನೆಯದು, ಮುಂದಿನ ಪಾಠಕ್ಕೆ ಒಂದೇ ಅಂಶ. ಇದು ಹೊಸ ತತ್ತ್ವವೇನಲ್ಲ. 1963ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ ಸೂಕ್ಷ್ಮ ಬೋಧನೆಯ ತಿರುಳೇ ಒಂದು ಸಲಕ್ಕೆ ಒಂದು ಕೌಶಲ. ಸೂಕ್ಷ್ಮ ಬೋಧನೆಯ ವಾರದಲ್ಲಿ ನಾವು ಅದನ್ನು ನಿಷ್ಠೆಯಿಂದ ಪಾಲಿಸುತ್ತೇವೆ. ಇಂಟರ್ನ್‌ಶಿಪ್‌ಗೆ ಕಾಲಿಟ್ಟ ದಿನ ಮರೆಯುತ್ತೇವೆ. ಇಂಟರ್ನ್‌ಶಿಪ್‌ಗೆ ಕನಿಷ್ಠ 20 ವಾರಗಳಿವೆ. ವಾರಕ್ಕೊಂದು ಅಂಶ ಗಟ್ಟಿಯಾದರೂ 17ಕ್ಕಿಂತ ಹೆಚ್ಚೇ ಆಗುತ್ತದೆ.

ಐದನೆಯದು, ಅವರ ಹಾಳೆಯ ಮೇಲೆ ನನ್ನ ಕುಂಚ ಇಲ್ಲ. ಪಾಠದ ನಡುವೆ ಎದ್ದು ಮಕ್ಕಳನ್ನು ಗದರುವುದನ್ನು, ಪ್ರಶ್ನೆಗೆ ಉತ್ತರ ಸೇರಿಸುವುದನ್ನು ನಿಲ್ಲಿಸಿದ್ದೇನೆ. ತೋರಿಸಬೇಕಾದರೆ ಬೇರೆ ವಿಭಾಗದ ಮಕ್ಕಳಿಗೆ ನಾನೇ ಒಂದು ಪಾಠ ಮಾಡಿ, ಪ್ರಶಿಕ್ಷಣಾರ್ಥಿಗೆ ವೀಕ್ಷಣಾ ಪುಸ್ತಕ ಕೊಡುತ್ತೇನೆ.

ಆರನೆಯದು, ಮೊದಲ ಹಾಳೆ ಇಟ್ಟುಕೊಳ್ಳುವುದು. ಮೊದಲ ವಾರದ ಪಾಠ ಯೋಜನೆ ಮತ್ತು ಅವರೇ ಬರೆದ ಮೂರು ಸಾಲುಗಳನ್ನು ತೆಗೆದಿಟ್ಟು ಕೊನೆಯ ವಾರ ಅವರ ಮುಂದೆ ಇಡುತ್ತೇನೆ.

ಇದಕ್ಕೆ ಒಂದು ಅಪವಾದವನ್ನೂ ಹೇಳಬೇಕು. ಜಲವರ್ಣದಲ್ಲಿ ಕೆಲವನ್ನು ಒದ್ದೆ ಇರುವಾಗಲೇ ತೆಗೆಯಬೇಕು. ತಪ್ಪಿ ಬಿದ್ದ ಬಣ್ಣದ ಹನಿಯನ್ನು ಒಣ ಕುಂಚದಿಂದಲೋ ಬಟ್ಟೆಯಿಂದಲೋ ಕೂಡಲೇ ಹೀರಿದರೆ ಹೋಗುತ್ತದೆ, ಒಣಗಿದರೆ ಉಳಿಯುತ್ತದೆ. ಪಾಠದಲ್ಲಿ ವಿಷಯದ ತಪ್ಪು ಹಾಗೆಯೇ. ಮಕ್ಕಳು ಅದನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವ ಮೊದಲು ಒಂದು ಚೀಟಿಯಲ್ಲಿ ಬರೆದು ಪ್ರಶಿಕ್ಷಣಾರ್ಥಿಗೆ ಕೊಡುತ್ತೇನೆ, ತಿದ್ದುವುದು ಅವರ ಬಾಯಿಂದಲೇ ಆಗುತ್ತದೆ. ಸ್ಪಿರಿಟ್ ದೀಪ, ಆಮ್ಲ, ಗಾಜು ಇರುವಲ್ಲಿ ಮಗುವಿಗೆ ಅಪಾಯ ಎಂದು ಕಂಡರೆ ಚೀಟಿಯೂ ಇಲ್ಲ, ಕೂಡಲೇ ಎದ್ದು ಹೋಗಬೇಕು. ಮಗುವನ್ನು ಅವಮಾನಿಸುವ ಮಾತು ಬಂದರೂ ಅದೇ ದಿನ, ಸ್ಪಷ್ಟವಾಗಿ ಹೇಳಬೇಕು. ತಡೆಯುವುದು ಎಂದರೆ ನುಂಗಿಕೊಳ್ಳುವುದಲ್ಲ.

ಕಲಿಯುವವರು ಈಗಲೇ ಒಂಟಿಯಾಗಿ ಮಾಡಲಾಗದ, ಆದರೆ ಬಲ್ಲವರ ನೆರವಿನಿಂದ ಮಾಡಬಲ್ಲ ವಲಯದ ಬಗ್ಗೆ ವೈಗೋಟ್‌ಸ್ಕಿ ಹೇಳಿದ್ದನ್ನು ನಾವೆಲ್ಲ ಕಲಿಸುತ್ತೇವೆ. ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಆ ನೆರವನ್ನು ಕಟ್ಟಡ ಏಳುವಾಗ ಕಟ್ಟುವ ಸಾರವೆಗೆ ಹೋಲಿಸಿದರು. ಪರೀಕ್ಷೆಯಲ್ಲಿ ಇದಕ್ಕೆ ಹತ್ತು ಅಂಕದ ಪ್ರಶ್ನೆ ಬರುತ್ತದೆ. ಸಾರವೆಯ ಮೇಲೆ ನಿಂತು ಕಾಲು ನಡುಗಿದಾಗ ಮಾತ್ರ ಅದು ಎಷ್ಟು ಗಟ್ಟಿ ಇರಬೇಕು, ಯಾವಾಗ ಬಿಚ್ಚಬೇಕು ಎಂಬುದು ತಿಳಿಯುತ್ತದೆ.

ತಡವಾಗಿ ಕಲಿಯುವುದು

ವಯಸ್ಸಿನ ಬಗ್ಗೆ ಒಂದು ಮಾತು. ಈ ವಯಸ್ಸಿನಲ್ಲಿ ಏನು ಬಂದೀತು ಎಂದು ನಾನು ಅಂದಾಗಲೆಲ್ಲ ಸರ್ ರುಮಾಲೆ ಚನ್ನಬಸವಯ್ಯನವರ ಹೆಸರು ಹೇಳುತ್ತಿದ್ದರು. 1910ರಲ್ಲಿ ಹುಟ್ಟಿದ ರುಮಾಲೆಯವರು ಯೌವನದಲ್ಲಿ ಕಲೆ ಕಲಿತರೂ ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಂದು ಬಹಳ ವರ್ಷ ಅದರಿಂದ ದೂರ ಉಳಿದರು. ಐವತ್ತು ದಾಟಿದ ಮೇಲೆ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಚಿತ್ರಿಸಿದರು. ರವೀಂದ್ರನಾಥ ಟಾಗೋರರು ಚಿತ್ರರಚನೆಯಲ್ಲಿ ಗಂಭೀರವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಅವರ ಮೊದಲ ಪ್ರದರ್ಶನ ನಡೆದದ್ದು 1930ರಲ್ಲಿ, ಪ್ಯಾರಿಸ್‌ನಲ್ಲಿ. ಅವರೆಲ್ಲ ದೊಡ್ಡವರು. ನನ್ನ ಚಿತ್ರಗಳು ಪ್ರದರ್ಶನಕ್ಕೆ ಹೋಗುವಂಥವಲ್ಲ, ಹೋಗಬೇಕೆಂಬ ಆಸೆಯೂ ಇಲ್ಲ. ನನಗೆ ಬೇಕಾದದ್ದು ಬೇರೆ ಸಿಕ್ಕಿತು. ಗೊತ್ತಿಲ್ಲದ ಕೆಲಸವೊಂದನ್ನು ಇನ್ನೊಬ್ಬರ ಕಣ್ಣೆದುರು ಮಾಡುವುದು ಹೇಗಿರುತ್ತದೆ ಎಂಬುದನ್ನು ನಾನು ಪೂರ್ತಿ ಮರೆತಿದ್ದೆ. ಅದು ನೆನಪಾಯಿತು.

ಆದ್ದರಿಂದ ಶಿಕ್ಷಕ ಶಿಕ್ಷಕರಲ್ಲಿ ನನ್ನ ಒಂದು ಕೋರಿಕೆ. ಚಿತ್ರವೇ ಆಗಬೇಕಿಲ್ಲ. ತಬಲಾ, ಈಜು, ಬೇರೊಂದು ಭಾಷೆ, ಹೊಲಿಗೆ, ಯಾವುದಾದರೂ ಸರಿ. ನಿಮಗೆ ಬಾರದ ಒಂದನ್ನು ಯಾರ ಬಳಿಯಾದರೂ ಕಲಿಯುತ್ತಿರಿ. ಅವರು ನಿಮಗೆ ಹೇಳಿದ ಯಾವ ಮಾತು ಕೈಗೆ ಬಲ ಕೊಟ್ಟಿತು, ಯಾವುದು ಕೈ ಕಟ್ಟಿಹಾಕಿತು ಎಂದು ಬರೆದಿಟ್ಟುಕೊಳ್ಳಿ. ಆ ಪಟ್ಟಿಯನ್ನು ವೀಕ್ಷಣಾ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು. ನಿಮ್ಮ ಪುಸ್ತಕದಲ್ಲಿ ಬಹಳ ಅಂಶಗಳು ಬಿದ್ದ ದಿನ, ಅವನ್ನೆಲ್ಲ ಒಮ್ಮೆಲೇ ತಿದ್ದಲು ಹೋಗಬೇಡಿ. ಮೊದಲು ಆ ಪಾಠದಲ್ಲಿ ಯಾವ ಮಗು ಯಾವ ಪ್ರಶ್ನೆ ಕೇಳಿತು ಎಂದು ನೆನಪಿಸಿಕೊಂಡು ಬರೆದುಕೊಳ್ಳಿ. ನಿಮ್ಮ ವೀಕ್ಷಕರು ಅದನ್ನು ಬರೆದಿಲ್ಲವಾದರೆ ಅವರಿಗೆ ತೋರಿಸಿ. ನನಗೆ ಯಾರಾದರೂ ಅಂದೇ ತೋರಿಸಿದ್ದರೆ ಆ ಹುಡುಗನ ಪ್ರಶ್ನೆಗೆ ಮರುದಿನವೇ ತರಗತಿಯಲ್ಲಿ ಜಾಗ ಸಿಗುತ್ತಿತ್ತು.

ಬರುವ ಇಂಟರ್ನ್‌ಶಿಪ್ ಸುತ್ತಿನಲ್ಲಿ ಈ ಕ್ರಮವನ್ನು ಒಂದು ತಿಂಗಳು ಪ್ರಯತ್ನಿಸಿದವರು, ಅದು ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂಬುದನ್ನು ಇದೇ ಪುಟಗಳಲ್ಲಿ ಬರೆದರೆ ನನಗೂ ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.